ಪರದೆಯ ಹಗ್ಗ

ಹಳ್ಳಿಯ ಹೈಸ್ಕೂಲಿನ ನಾಟಕದಲ್ಲಿ ರಾಣಿಯಾಗಿದ್ದ ಹುಡುಗಿ ಮಾತು ಮರೆತು ಪರದೆಯ ಮರೆಗೆ ತಿರುಗಿದಳು. ಮರೆತವರಿಗೆ ಅಲ್ಲಿಂದ ಮಾತು ಪಿಸುಗುಟ್ಟುತ್ತಿದ್ದ ಟೀಚರು ಆ ವರ್ಷವೇ ದೇವರ ಪಾದ ಸೇರಿದ್ದರು.

“ಪರದೆ ಎಳೀರಿ ಮೇಷ್ಟ್ರೇ! ಊರೇ ಬಂದು ಕೂತಿದೆ, ಮಾನ ಹೋಗತ್ತೆ,” ಎಂದು ಹೆಡ್‌ಮಾಸ್ಟರು ಪಕ್ಕದಿಂದ ಗದರಿದರು.

ಹಗ್ಗ ಹಿಡಿದಿದ್ದ ಡ್ರಿಲ್ ಮೇಷ್ಟ್ರು ಆ ಟೀಚರ ಗಂಡ. ವರ್ಷ ವರ್ಷವೂ ಆಡುವ ಈ ನಾಟಕವನ್ನು ಅವರು ಒಮ್ಮೆಯೂ ಓದಿದವರಲ್ಲ. ಹೆಂಡತಿಯ ಪಕ್ಕದಲ್ಲಿ ನಿಂತು ಕೇಳಿದ್ದರು, ಅಷ್ಟೆ. ಈಗ ಆ ಮೆಲುದನಿ ಮುಂಜಾನೆಯ ಪ್ರಾರ್ಥನೆಯ ಹಾಗೆ ಎಲ್ಲಿಂದಲೋ ತೇಲಿಬಂದು ಅವರ ತುಟಿಯ ಮೇಲೆ ನಿಂತಿತು. “ತಡೀರಿ ಸಾರ್,” ಎಂದು ಹಗ್ಗ ಬಿಟ್ಟು ಪಿಸುಗುಟ್ಟಿದರು: “‘ನನ್ನ ಅರಮನೆಗೆ ಬಾಗಿಲೇ ಬೇಡ’... ಹೇಳು ಮಗಳೇ.”

ಹುಡುಗಿ ಕೊನೆಯ ಬೆಂಚಿಗೂ ಕೇಳುವಂತೆ ಹೇಳಿದಳು. ಹೇಳಿ, ಮುಂದಿನ ಮಾತಿಗೆ ಅವರತ್ತಲೇ ನೋಡಿದಳು.