ಅಕ್ಕನ ಉಡಿಗೆ ಉಂಡಿ

ಪಂಚಮಿಗೆ ತೀರಿಹೋದ ಹೆಣ್ಣುಮಕ್ಕಳೂ ತವರಿಗೆ ಬರುತ್ತಾರೆ. ನಮ್ಮ ಅಕ್ಕ ನೀಲವ್ವನೂ ಬೆಳಿಗ್ಗೆಯೇ ಬಂದು ಜೋಕಾಲಿ ಆಡಿದಳು. ಅವಳ ಭಾರಕ್ಕೆ ಹಗ್ಗ ಮಾತ್ರ ಬಿಗಿಯಾಗಲಿಲ್ಲ. ಸಂಜೆ ಉಡಿಗೆ ಮನೆಯಲ್ಲಿ ಕಟ್ಟಿದ ಉಂಡಿ ಹಾಕಿದರೆ ಅವರು ಹೊರಡುತ್ತಾರೆ. ಅಂಗಡಿಯ ಉಂಡಿ ನಡೆಯುವುದಿಲ್ಲ.

ಅವ್ವ ಶೇಂಗಾ ಉಂಡಿ ಕಟ್ಟುತ್ತ ಕೂತಿದ್ದಳು. ಒಂದೊಂದೂ ಅವಳ ಮುಷ್ಟಿಯಲ್ಲೇ ಪುಡಿಯಾಗುತ್ತಿತ್ತು. ಬೆಲ್ಲದ ಪಾಕವನ್ನು ಬೇಕೆಂದೇ ಎಳಸಾಗಿ ಇಳಿಸಿದ್ದಳು.

"ಅವ್ವಾ, ಹೊತ್ತು ಮುಳುಗಾಕತ್ತೇತಿ," ಅಂದಳು ಅಕ್ಕ, ಹೊಸ್ತಿಲಲ್ಲಿ ನಿಂತು.

"ಉಂಡಿ ಆಗವಲ್ಲವು. ಇರು ಇವತ್ತೊಂದಿನ."

ಆಚೆಮನೆಯ ಶಾಂತಕ್ಕ ಹೋದ ವರ್ಷ ತನ್ನ ಮಗಳನ್ನು ಹೀಗೇ ಇರಿಸಿಕೊಂಡಳು. ಆ ಹುಡುಗಿ ಇನ್ನೂ ಅವರ ಪಡಸಾಲೆಯಲ್ಲಿದ್ದಾಳೆ. ತಾಯಿ ಎದುರಿಗೆ ಬಂದಾಗಲೆಲ್ಲ "ನೀವ್ಯಾರ್ರಿ?" ಎಂದು ಕೇಳುತ್ತಾಳೆ.

ನಾನು ಒಲೆಯ ಮೇಲೆ ಬೇರೆ ಪಾಕ ಇಟ್ಟೆ. ಒಂದು ಹನಿಯನ್ನು ನೀರಿಗೆ ಬಿಟ್ಟು, ಅದು ಗಟ್ಟಿಯಾದ ಮೇಲೆ ಇಳಿಸಿದೆ. ಶೇಂಗಾ ಬೆರೆಸಿ ಕಟ್ಟುವಾಗ ಅಂಗೈ ಸುಟ್ಟಿತು, ಉಂಡಿಗಳು ಒಡೆಯದೆ ನಿಂತವು.

"ಇದನ್ನ ನಿನಗ್ಯಾರ ಕಲಿಸಿದ್ರು?" ಅವ್ವ ಕೇಳಿದಳು.

"ನಾನ, ಅವ್ವಾ," ಅಂದಳು ಅಕ್ಕ. "ಹಾಸಿಗಿ ಹಿಡದಾಗ ಹೇಳಿಕೊಟ್ಟಿದ್ದೆ. ನೀ ಹಿಂಗ ಮಾಡ್ತಿ ಅಂತ ಗೊತ್ತಿತ್ತು."

ನಾನು ಅವಳ ಉಡಿ ತುಂಬಿದೆ. ಕೊನೆಯ ಉಂಡಿಯೊಂದನ್ನು ಅವ್ವ ಎತ್ತಿಕೊಂಡು ಮುಷ್ಟಿಯಲ್ಲಿ ಬಿಗಿಹಿಡಿದಳು. ಅಕ್ಕ ಸೆರಗು ಒಡ್ಡಿದಳು.

"ಅದನ್ನೂ ಹಾಕವ್ವಾ. ಬರೋ ವರ್ಷ ನಿನ್ನ ಗುರುತು ಹಿಡೀಬೇಕಲ್ಲ ನಾನು."

ಅವ್ವ ಮುಷ್ಟಿ ಬಿಚ್ಚಿದಳು.