ಕಂಬಕ್ಕೆ ಹೇಳಿದ ಮಾತು

"ಕಂಬಪ್ಪಾ, ಊರಿಗೆ ಬಂದಿರೋ ಆ ಹೊಸಾ ಕೈಪಂಪು ನಮ್ಮನೆ ಮುಂದೆ ಬ್ಯಾಡ, ಮೇಲ್ಗಡೆ ಬೀದೀಲಿ ಹಾಕ್ಸಿ ಅಂತ ಅವ್ರಿಗೆ ಹೇಳು," ಎಂದಳು ಮುನಿಗಂಗಮ್ಮ, ಪಂಚಾಯ್ತಿ ಕಟ್ಟಡದ ಕಂಬದ ಕಡೆ ಮುಖ ಮಾಡಿ. ಸಭೆ ಗೊಳ್ಳೆಂದು ನಕ್ಕಿತು. ನಗದೆ ಏನು ಮಾಡೀತು? ಪಂಚಾಯ್ತಿಗೆಲ್ಲ ಒಬ್ಬಳೇ ಹೆಣ್ಣು ಮೆಂಬರು ಅವಳು. ಪ್ರೆಸಿಡೆಂಟ್ ಕುರ್ಚಿಯಲ್ಲಿ ಕೂತಿದ್ದವನು ಅವಳ ಮಾವ ತಿಮ್ಮರಾಯಪ್ಪ. ಸೊಸೆ ಮಾವನೊಡನೆ ನೇರ ಮಾತಾಡುವ ವಾಡಿಕೆ ಅವರ ಮನೆಯಲ್ಲಿರಲಿಲ್ಲ. ಮದುವೆಯಾಗಿ ಹನ್ನೊಂದು ವರ್ಷವಾದರೂ, ಇನ್ನೊಂದು ಮುದ್ದೆ ಬೇಕೇ ಎಂದು ಅವಳು ಗೋಡೆಯನ್ನೇ ಕೇಳುತ್ತಿದ್ದಳು.

"ಕಂಬಕ್ಕೆ ಹೇಳಿದ್ದನ್ನ ತೀರ್ಮಾನದ ಪುಸ್ತಕದಾಗೆ ಬರೆಯೋಕಾಗಲ್ಲಮ್ಮ, ಪ್ರೆಸಿಡೆಂಟರಿಗೇ ಹೇಳ್ಬೇಕು," ಎಂದ ಗುಮಾಸ್ತ ಪೆನ್ನಿಗೆ ಮುಚ್ಚಳ ಹಾಕಿದ.

"ಸುಮ್ಕಿರಕ್ಕಾ," ಎಂದ ಪಕ್ಕದ ಮೆಂಬರು ಶ್ಯಾಮಣ್ಣ, "ಬಾಗ್ಲಿಗೇ ಬರೋ ನೀರ್ನ ಯಾರಾನ ಬ್ಯಾಡ ಅಂತಾರಾ?"

ಮುನಿಗಂಗಮ್ಮ ಸೆರಗು ಬಿಗಿಯಾಗಿ ಹೊದ್ದು, ಕಂಬ ಬಿಟ್ಟು ತಿರುಗಿದಳು. ಮಾವ ಎನ್ನಲು ನಾಲಿಗೆ ಏಳಲಿಲ್ಲ. ಆ ಗಡಿಯೂರಿನ ಆಫೀಸಿಗೆ ಬರುವ ತಮಿಳರು ಪ್ರೆಸಿಡೆಂಟರನ್ನು ಕರೆಯುವ ಹಾಗೆ, "ತಲೈವರೇ," ಎಂದಳು, ಅವನ ಕಣ್ಣನ್ನೇ ನೋಡುತ್ತಾ. "ನಮ್ಗೆ ಹಿತ್ಲಾಗೇ ಬಾವಿ ಐತೆ. ಮೇಲ್ಗಡೆ ಬೀದಿ ಹೆಂಗಸ್ರು ಆನೆ ಬರೋ ಕುಂಟೆಗೋಗಿ ನೀರು ತತ್ತಾರೆ. ಪಂಪು ಅವ್ರಿಗೆ ಹಾಕ್ಸಿ."

ಈ ಸಲ ಯಾರೂ ನಗಲಿಲ್ಲ. ತಿಮ್ಮರಾಯಪ್ಪ ಅಭ್ಯಾಸದಂತೆ ಮುಖ ಆಚೆ ತಿರುಗಿಸಲು ಹೋದವನು, ತಿರುಗಿಸಲಿಲ್ಲ. ಗಂಟಲು ಸರಿಮಾಡಿಕೊಂಡು ಗುಮಾಸ್ತನನ್ನು ಗದರಿದ: "ಏನ್ ನೋಡ್ತಾ ಕೂತಿದ್ದೀಯಪ್ಪಾ? ಮೆಂಬರಮ್ನೋರು ಹೇಳಿದ್ದು ಬರ್ಕೋ."