ಅನುಮಾನದ ತೂಕ

ಮಗುವಿಗೆ ಏನಾಗಿದೆಯೋ ಎಂಬ ಮನೆಯವರ ಅನುಮಾನವನ್ನು ನಮ್ಮೂರ ಆಸ್ಪತ್ರೆಯಲ್ಲಿ ತೂಗುತ್ತಾರೆ. ಯಾರದಾದರೂ ಐವತ್ತು ಕಿಲೋ ದಾಟಿದರೆ ಮಾತ್ರ ದೊಡ್ಡ ಡಾಕ್ಟರು ಅಂದೇ ನೋಡುತ್ತಾರೆ. ನಮ್ಮ ಮಗಳು ಸಂಪದಾಳಿಗೆ ಎರಡು ವರ್ಷದಿಂದ ಹೆಸರಿಲ್ಲದ ಜ್ವರ.

ನಮ್ಮತ್ತೆ ತೂಕದ ಯಂತ್ರ ಹತ್ತಿದರೆ ಸೊನ್ನೆ ಬಂತು. ಆ ಜ್ವರ ದೃಷ್ಟಿ ತಾಗಿದ್ದೆಂದು ಅವರಿಗೆ ಮೊದಲ ದಿನವೇ ಗೊತ್ತು. ಹೆಂಡತಿ ನೀಲಾಂಬಿಕಾಳದು ನಲವತ್ತೆಂಟು.

"ನೀವು ಹತ್ತಬ್ಯಾಡ್ರಿ. ನಿಮಗ ಎಲ್ಲಾ ಗೊತ್ತೈತಲ್ಲ," ಎಂದಳು.

ಗೊತ್ತಿಲ್ಲದ್ದೇನು? ಮುನ್ನೂರು ಕಾಯಿಲೆ ನನಗೆ ಬಾಯಿಪಾಠ. 'ಏನೂ ಆಗಿಲ್ಲ, ಸೋಮವಾರಕ್ಕ ಆರಾಮ ಆಗ್ತಾಳ' ಎಂದು ನೂರು ಸೋಮವಾರ ಹೇಳಿದವನು ನಾನು. ಆದರೂ ಹತ್ತಿದೆ. ಮುಳ್ಳು ಮೂರು ಸುತ್ತು ಹೊಡೆಯಿತು, ಯಂತ್ರ ಹೊಗೆ ಉಗುಳಿತು. ನರ್ಸ್ ಒಳಗೆ ಹೋಗುವ ಚೀಟಿ ಕೊಟ್ಟಳು.

"ಇಷ್ಟೆಲ್ಲಾ ಒಬ್ಬರೇ ಹೊತ್ಕೊಂಡು ತಿರುಗಾಡ್ತಿದ್ರೇನ್ರಿ?" ನೀಲಾಂಬಿಕಾ ಮೆಲ್ಲಗೆ ಕೇಳಿದಳು.

"ಜಿಲ್ಲಾಕ್ಕ ದಾಖಲೆ ಐತಿ ಇದು," ಎಂದೆ. ಇಳಿಯುವಾಗ ಅವಳ ಹೆಗಲು ಹಿಡಿದುಕೊಂಡೆ.